ಉಂಡೆಯ ಅಳತೆ

ಒಂದಾನೊಂದು ಊರಿನಲ್ಲಿ ಒಬ್ಬಳು ರಾಣಿಯಿದ್ದಳು. ಊರು ಏಳು ಸಮುದ್ರದಾಚೆಯದೇನಲ್ಲ. ಬಸ್ಸು ತಪ್ಪಿದರೆ ನಡೆದೇ ಮುಟ್ಟಬಹುದಾದಷ್ಟು ಹತ್ತಿರದ್ದು. ರಾಣಿಯ ರಾಜ್ಯವೆಂದರೆ ಹತ್ತಡಿ ಅಗಲದ ಒಂದು ಹೊಲಿಗೆ ಅಂಗಡಿ. ಎರಡು ಮಿಷನ್ನುಗಳೇ ಅವಳ ಆನೆ, ಕುದುರೆ. ಕೊರಳಲ್ಲಿ ಸದಾ ನೇತಾಡುವ ಹಳದಿ ಟೇಪೇ ಅವಳ ಕಂಠಹಾರ. ಬೀದಿಯವರು ಮಾತ್ರ ಅವಳನ್ನು ರಾಣಿ ಎಂದು ಕರೆಯುತ್ತಿರಲಿಲ್ಲ, ಸೂಜಿ ಎನ್ನುತ್ತಿದ್ದರು. ಅವಳ ಕಣ್ಣು ಅಷ್ಟು ಚೂಪು. ಗಿರಾಕಿ ಬಾಗಿಲಲ್ಲಿ ಬಂದು ನಿಂತರೆ ಸಾಕು, ಎಡಭುಜ ಕಾಲಿಂಚು ಇಳಿದಿದೆ ಎಂದು ಕುಳಿತಲ್ಲಿಂದಲೇ ಹೇಳಿಬಿಡುತ್ತಿದ್ದಳು.

ಕಣ್ಣಿಗಿಂತ ಚೂಪಾದದ್ದು ಅವಳ ಗುಮಾನಿ. ಗುಂಡಿ ತಂದುಕೊಟ್ಟವನು ಬಾಗಿಲು ದಾಟುವ ಮೊದಲೇ ಪೊಟ್ಟಣ ಬಿಚ್ಚಿ ಎಣಿಸುವವಳು ಅವಳು. ಮಗುವಾಗಿದ್ದಾಗ ದೊಡ್ಡಮ್ಮನ ತೊಡೆಯ ಮೇಲೆ ಮಲಗಿ ಕೇಳಿದ ಕಥೆಗಳಲ್ಲೆಲ್ಲ ಏನಾದರೊಂದು ಅದಲುಬದಲಾಗುತ್ತಿತ್ತು. ತೊಟ್ಟಿಲ ಕೂಸು ಬದಲಾಗುತ್ತಿತ್ತು, ಉಂಗುರ ಬದಲಾಗುತ್ತಿತ್ತು, ಕೆಲವೊಮ್ಮೆ ಗಂಡನೇ ಬದಲಾಗಿಬಿಡುತ್ತಿದ್ದ. ಕಥೆ ಮುಗಿದು ಮೂವತ್ತು ವರ್ಷವಾಗಿದ್ದರೂ ಅವಳು ಮಾತ್ರ ಆ ಕಳ್ಳರನ್ನು ಇನ್ನೂ ಹುಡುಕುತ್ತಲೇ ಇದ್ದಳು.

ತಾಯಿ ಸತ್ತ ಮೇಲೆ ಅವಳನ್ನು ಸಾಕಿ ಬೆಳೆಸಿದ್ದು ಆ ದೊಡ್ಡಮ್ಮ. ದೂರವಾಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ಒಂಟಿಯಾಗಿದ್ದುಕೊಂಡೇ ಒಂದಾದ ಮೇಲೊಂದು ಐದು ನಾಯಿ ಸಾಕಿದವಳು. ಆರನೆಯದಾಗಿ ಅವಳ ಮನೆಗೆ ಬಂದದ್ದು ಒಂದು ಪೊಮೇರಿಯನ್ ಮರಿ. ಕಾಫಿಪುಡಿಯ ಬಣ್ಣ, ಮೈಯೆಲ್ಲ ನಯವಾದ ಕೂದಲು, ಕಾಲು ಎಲ್ಲಿದೆಯೆಂದು ಹುಡುಕಬೇಕು. ನಡೆದರೆ ದಾರದ ಉಂಡೆಯೊಂದು ಉರುಳಿದಂತೆ ಕಾಣುತ್ತಿದ್ದುದರಿಂದ ಅದಕ್ಕೆ ಉಂಡೆ ಎಂದೇ ಹೆಸರಾಯಿತು. ಹೆಸರಿಟ್ಟ ವಾರಕ್ಕೇ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಒಂದು ಶಸ್ತ್ರಚಿಕಿತ್ಸೆ, ಆಮೇಲೆ ಇನ್ನೊಂದು, ಆಮೇಲೆ ನಡೆಯುವುದನ್ನು ಹೊಸದಾಗಿ ಕಲಿಸುವ ಆರೈಕೆ ಮನೆಯಲ್ಲಿ ವಾಸ. ಒಟ್ಟು ಆರು ತಿಂಗಳ ಮಾತು ಎಂದರು. ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಮನೆಗೆ ಮರಳಿದರೂ ನಾಲ್ಕು ಕಾಲಿನ ವಾಕರ್ ಹಿಡಿದೇ ಓಡಾಡಬೇಕು, ಅದರ ಮುಂದಿನ ಕಂಬಿಗೆ ಮೂರು ಕಿಲೋಗಿಂತ ಹೆಚ್ಚು ಭಾರ ತೂಗಿಬಿಟ್ಟರೆ ಮುಗ್ಗರಿಸುತ್ತದೆ ಎಂದು ವ್ಯಾಯಾಮ ಹೇಳಿಕೊಡುವವಳು ಎಚ್ಚರಿಸಿದ್ದಳು. ದೊಡ್ಡಮ್ಮ ಅದನ್ನೆಲ್ಲ ಕೇಳಿಸಿಕೊಂಡು, ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಸೂಜಿಯ ಕೈ ಹಿಡಿದಳು.

"ಇದು ನನ್ನ ಕೊನೇ ನಾಯಿ. ಇನ್ನೊಂದನ್ನ ಸಾಕೋ ವಯಸ್ಸಲ್ಲ ನಂದು. ನನ್ನ ಕೈಗೆ ಇದನ್ನೇ ವಾಪಸ್ ಕೊಡಬೇಕು ನೀನು."

"ಇದನ್ನೇ ಕೊಡ್ತೀನಿ ದೊಡ್ಡಮ್ಮ. ವಾಕರಿಗೆ ನೇತುಹಾಕೋ ಹಾಗೆ ಒಂದು ಜೋಳಿಗೇನೂ ಹೊಲಿದುಕೊಡ್ತೀನಿ. ನೀನು ಹೋದಕಡೆಯೆಲ್ಲ ಅದೂ ಬರಲಿ."

ಮಾತು ಕೊಟ್ಟದ್ದಾಯಿತು. ನಾಯಿ ಡಾಕ್ಟರನ್ನು ಕೇಳಿದರೆ, ಈ ಜಾತಿ ಒಂಬತ್ತು ಹತ್ತು ತಿಂಗಳಿಗೆ ಬೆಳೆದು ನಿಲ್ಲುತ್ತದೆ, ಎರಡು ಎರಡೂವರೆ ಕಿಲೋ ಆದೀತು, ಕೆಲವು ಮೂರೂವರೆಗೂ ಹೋಗುತ್ತವೆ, ಜೋಳಿಗೆಗೆ ಅವಸರ ಮಾಡಬೇಡಿ ಎಂದರು. ಆದರೂ ಸೂಜಿಗೆ ಸುಮ್ಮನಿರಲಾದೀತೇ? ಮರಿ ಅಂಗಡಿಗೆ ಬಂದ ದಿನವೇ ಅದನ್ನು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ ಅಳತೆ ತೆಗೆದು ಪುಸ್ತಕದಲ್ಲಿ ಬರೆದಳು. ಎದೆಸುತ್ತು ಹದಿಮೂರು ಇಂಚು, ಬೆನ್ನು ಏಳು, ಮುಂಗಾಲು ನಾಲ್ಕು. ತೂಕ ಒಂದು ಕಿಲೋ ನೂರು ಗ್ರಾಂ ಎಂದು ಡಾಕ್ಟರ ಕಾರ್ಡಿನಲ್ಲಿತ್ತು.

ಆ ಅಂಗಡಿಯದು ಅತ್ತೆಯ ಕಾಲದಿಂದ ಬಂದ ಒಂದು ಕ್ರಮ. ಗಿರಾಕಿಯ ಮೇಲಂಗಿಯೊಳಗೆ ಟೇಪು ಹಾಕಬಾರದು. ಕೋಟು ತೊಟ್ಟಿದ್ದರೆ ಕೋಟಿನ ಮೇಲೆಯೇ ಅಳೆದು, ಬಟ್ಟೆಯ ದಪ್ಪವನ್ನು ಕಣ್ಣಂದಾಜಿನಲ್ಲಿ ಕಳೆದು ಬರೆಯುವುದು. ತೆಳು ಅಂಗಿಗೆ ಕಾಲಿಂಚು, ಉಣ್ಣೆಯದಾದರೆ ಒಂದೂವರೆ. ಸೂಜಿ ಅದರಲ್ಲಿ ಪಳಗಿದವಳು, ಅವಳ ಅಂದಾಜು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ತಿಂಗಳೊಂದು ಕಳೆಯುವಷ್ಟರಲ್ಲಿ ಶಾಲೆಯ ಸಮವಸ್ತ್ರದ ಹಂಗಾಮು ಬಂದು ತಲೆಯ ಮೇಲೆ ಕುಳಿತಿತು. ಇನ್ನೂರು ಬಿಳಿ ಅಂಗಿ, ಪ್ರತಿ ಅಂಗಿಯ ಮೇಲೂ ನಾಯಿಯ ಕೂದಲು. ಶಾಲೆಯವರು ಒಂದು ಗಂಟು ವಾಪಸು ಕಳಿಸಿದಾಗ ಗಂಡನೇ ದಾರಿ ಹೇಳಿದ. ಮೂರು ಬೀದಿ ಆಚೆ ಅವನ ತಂಗಿಯ ಮನೆಯಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ, ಮಧ್ಯಾಹ್ನಕ್ಕೆ ಮನೆ ಸೇರುವವಳು, ನಾಯಿಯೆಂದರೆ ಜೀವ. ಐದು ವಾರ ಅಲ್ಲಿರಲಿ ಎಂದು ಉಂಡೆಯನ್ನು ನಾದಿನಿಯ ಕೈಗೆ ಒಪ್ಪಿಸಿದರು.

ಐದು ವಾರ ಕಳೆದು ನಾದಿನಿ ನಗುನಗುತ್ತ ಅಂಗಡಿಯ ಮೆಟ್ಟಿಲು ಹತ್ತಿ ಬಂದು, "ನೋಡಿ ಅತ್ತಿಗೆ, ಎಷ್ಟು ಎತ್ತರ ಆಗಿದೆ" ಎಂದು ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿದಳು. ಉಂಡೆ ಹೋಗಿ ಕಡ್ಡಿ ಬಂದಿತ್ತು. ಉದ್ದನೆಯ ಸಣಕಲು ಕಾಲು, ಚೂಪು ಮೂತಿ, ನೆಟ್ಟಗೆ ನಿಂತ ಕಿವಿ. ಮೈಗೆ ಅಂಟಿಕೊಂಡ ಅಷ್ಟಿಷ್ಟು ಕೂದಲು, ಅದೂ ಕಾಫಿಪುಡಿಯ ಬಣ್ಣವಲ್ಲ, ಇಟ್ಟಿಗೆ ಬಣ್ಣ. ಯಾರೋ ನರಿಯ ಮರಿಯನ್ನು ಹಿಡಿದು ತಂದು ಕೊರಳಿಗೆ ಉಂಡೆಯ ಪಟ್ಟಿ ಕಟ್ಟಿದ ಹಾಗಿತ್ತು.

ನಾದಿನಿ ಬೀದಿಯ ತಿರುವು ದಾಟುವುದನ್ನೇ ಕಾದು ಸೂಜಿ ಟೇಪು ಎಳೆದಳು. ಬೆನ್ನು ಒಂಬತ್ತು, ಮುಂಗಾಲು ಆರು. ಸರಿ, ಮರಿ ಬೆಳೆದಿದೆ ಎನ್ನೋಣ. ಎದೆಸುತ್ತು? ಹನ್ನೊಂದೂವರೆ. ಮತ್ತೆ ಅಳೆದಳು, ಹನ್ನೊಂದೂವರೆಯೇ. ಬೆಳೆಯುವ ಮರಿಯ ಎದೆ ಎಲ್ಲಾದರೂ ಕಿರಿದಾಗುವುದುಂಟೇ? ಬಾಯಿ ಬಿಡಿಸಿ ನೋಡಿದರೆ ಅಕ್ಕಿಕಾಳಿನಂಥ ಹಲ್ಲುಗಳ ಜಾಗದಲ್ಲಿ ದಪ್ಪ ಹೊಸ ಹಲ್ಲುಗಳು. ತೂಕದ ಯಂತ್ರದಲ್ಲಿ ಕೂರಿಸಿದರೆ ಒಂದು ಕಿಲೋ ಒಂಬೈನೂರು. ತುಂಬಿಕೊಂಡಿದ್ದದ್ದು ಹಗುರ, ಬಡಕಲಾಗಿ ಬಂದದ್ದು ಭಾರ. ಇಂಥ ವಿದ್ಯಮಾನ ದೊಡ್ಡಮ್ಮನ ಕಥೆಗಳಲ್ಲಷ್ಟೇ ನಡೆಯುತ್ತಿತ್ತು, ಅಲ್ಲಿಯೂ ಅದಲುಬದಲು ಮಾಡುವವರ ಕೈವಾಡವಿದ್ದಾಗ ಮಾತ್ರ.

ನಾದಿನಿಯ ಮೇಲೆ ಅವಳ ಗುಮಾನಿ ಹೋದದ್ದಕ್ಕೆ ಒಂದು ಹಳೆಯ ಕಾರಣವಿತ್ತು. ಅತ್ತೆ ಬದುಕಿದ್ದಾಗ ನಾದಿನಿ ಮನೆಯ ಚಹದ ಫ್ಲಾಸ್ಕನ್ನು ಒಯ್ದು ಒಡೆದುಹಾಕಿ, ಅದೇ ಬಣ್ಣದ್ದೊಂದನ್ನು ಕೊಂಡು ತಂದು ಸದ್ದಿಲ್ಲದೆ ಶೆಲ್ಫಿನಲ್ಲಿಟ್ಟಿದ್ದಳು. ಮುಚ್ಚಳ ಅರ್ಧ ಸುತ್ತು ಹೆಚ್ಚು ತಿರುಗಿದ್ದರಿಂದ ಸೂಜಿಗೆ ಗೊತ್ತಾಯಿತು, ಬೇರೆ ಯಾರಿಗೂ ಗೊತ್ತಾಗಲಿಲ್ಲ. ಫ್ಲಾಸ್ಕು ಬದಲಿಸಿದವಳು ನಾಯಿ ಬದಲಿಸಲಾರಳೇ? ಮರಿ ಬಾಗಿಲು ತೆರೆದಿದ್ದಾಗ ಓಡಿಹೋಗಿರಬಹುದು. ಯಾವುದೋ ಬಂಡಿಯ ಗಾಲಿಗೆ ಸಿಕ್ಕಿರಬಹುದು. ಹೆದರಿಕೊಂಡು ಎಲ್ಲಿಂದಲೋ ಇನ್ನೊಂದನ್ನು ತಂದಿರಬಹುದು. ಯೋಚಿಸುತ್ತ ಹೋದ ಹಾಗೆ 'ಬಹುದು'ಗಳೆಲ್ಲ ಉದುರಿಹೋಗಿ ಅದೆಲ್ಲ ಕಣ್ಣಾರೆ ಕಂಡಂತೆಯೇ ಆಯಿತು.

ಗಂಡನಿಗೆ ಹೇಳಿದರೆ ಅವನು ತಟ್ಟೆಯಿಂದ ತಲೆಯೆತ್ತದೆ, "ನೀನು ಹದಿನಾಲ್ಕನೇ ವಯಸ್ಸಲ್ಲಿ ಹೇಗಿದ್ದೆ ಅಂತ ಒಂದ್ಸಲ ಫೋಟೋ ತೆಗೆದು ನೋಡ್ಕೋ" ಎಂದ. ತಂಗಿಯನ್ನು ಬಿಟ್ಟುಕೊಡುವವನೇ ಅವನು ಎಂದುಕೊಂಡಳು. ನಾಯಿ ಡಾಕ್ಟರಲ್ಲಿಗೆ ಹೋದಳು. ಅವರು ಕನ್ನಡಕ ಮೇಲೆತ್ತಿ, ಈ ಜಾತಿಯಲ್ಲಿ ಇದು ಮಾಮೂಲು, ನಾಲ್ಕೈದು ತಿಂಗಳಿಗೆ ಮರಿಗೂದಲೆಲ್ಲ ಉದುರುತ್ತದೆ, ಹಾಲುಹಲ್ಲು ಬೀಳುತ್ತವೆ, ಬಣ್ಣ ತಿರುಗುವುದೂ ಉಂಟು, ದೊಡ್ಡ ಕೂದಲು ಬರುವವರೆಗೆ ಹೀಗೇ ನರಿಯಂತೆ ಕಾಣುತ್ತದೆ ಎಂದು ವಿವರಿಸಿದರು. ಸೂಜಿ ತಲೆಯಾಡಿಸಿದಳು. ಹೊರಗೆ ಬಂದು ಫಲಕ ನೋಡಿದಳು. ಕೆಳಗೆ ನಾಯಿ ಡಾಕ್ಟರು, ಮೇಲೆ ಹಲ್ಲಿನ ಡಾಕ್ಟರು, ಮೆಟ್ಟಿಲು ಒಂದೇ. ದಿನಾ ಬೆಳಿಗ್ಗೆ ನಾದಿನಿ ಈ ಬಾಗಿಲ ಮುಂದೆಯೇ ಹಾದುಹೋಗುತ್ತಾಳೆ. ಹಾಗಾದರೆ ಇವರಿಗೂ ಮೊದಲೇ ಹೇಳಿಕೊಟ್ಟಾಗಿದೆ.

ಜೋಳಿಗೆಗೆಂದು ತಂದಿಟ್ಟ ನೀಲಿ ಕ್ಯಾನ್ವಾಸು ಮಡಿಸಿಟ್ಟಲ್ಲೇ ಕುಳಿತಿತ್ತು. ಯಾರದೋ ನಾಯಿಯ ಅಳತೆಗೆ ಕತ್ತರಿ ಹಾಕಲು ಅವಳಿಗೆ ಕೈ ಬರಲಿಲ್ಲ. ಆ ನಾಯಿಯಾದರೋ ಏನೂ ಅರಿಯದೆ ಅವಳ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿತ್ತು. ಅದು ಮಲಗಿದಾಗಲೆಲ್ಲ ಅವಳಿಗೆ ನಿಜವಾದ ಉಂಡೆ ಯಾರ ಪಾದದ ಮೇಲೆ ಮಲಗಿದೆಯೋ ಎನಿಸುತ್ತಿತ್ತು. ವಾರಕ್ಕೊಮ್ಮೆ ಫೋನಿನಲ್ಲಿ ದೊಡ್ಡಮ್ಮ, ಉಂಡೆ ಹೇಗಿದೆ ಎಂದು ಕೇಳುವಳು. ಚೆನ್ನಾಗಿದೆ ಎನ್ನುವಳು. ಫೋಟೋ ಕಳಿಸು ಎಂದರೆ, ಎದುರಿಗೇ ನೋಡುವಿಯಂತೆ ಎಂದು ಜಾರಿಕೊಳ್ಳುತ್ತಿದ್ದಳು.

ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ನಾದಿನಿಯ ಮನೆಗೇ ಹೋದಳು. ನಾದಿನಿ ಅಡುಗೆಮನೆಯಲ್ಲಿ ನಿಂತು ಒಗೆದ ಕ್ಲಿನಿಕ್ಕಿನ ಬಿಳಿ ಕೋಟುಗಳನ್ನು ಮಡಿಸುತ್ತಿದ್ದಳು. ಸೂಜಿ ಹವಾಮಾನದಿಂದ ಸುರುಮಾಡಿ, ಬಾಗಿಲ ಚಿಲಕ ಸರಿಯಾಗಿ ಬೀಳುತ್ತದೆಯೇ, ಬೀದಿಯಲ್ಲಿ ಗಾಡಿಗಳು ಜಾಸ್ತಿಯೇ ಎಂದೆಲ್ಲ ಸುತ್ತಿ ಬಳಸಿ ಬಂದಳು. ನಾದಿನಿ ಕೋಟನ್ನು ಪಕ್ಕಕ್ಕಿಟ್ಟಳು.

"ಏನು ಕೇಳಬೇಕು ಅಂತ ಬಂದಿದೀರೋ ಅದನ್ನ ಕೇಳಿ ಅತ್ತಿಗೆ."

"ಇದು ಅದೇನಾ?"

ನಾದಿನಿಯ ಕಿವಿ ಕೆಂಪಗಾಯಿತು. "ಆ ಫ್ಲಾಸ್ಕು ಇನ್ನೂ ನಿಮ್ಮ ತಲೇಲಿ ಕೂತಿದೆ, ಅಲ್ವಾ? ನನಗಾಗ ಹದಿನೇಳು ವರ್ಷ. ಅಮ್ಮ ಹೊಡೀತಾಳೆ ಅಂತ ಹೆದರಿದ್ದೆ." ಮತ್ತೆ ಕೋಟು ಎತ್ತಿಕೊಂಡಳು. "ಅದೇ ನಾಯಿ ಅದು. ನಂಬೋದು ಬಿಡೋದು ನಿಮಗೇ ಬಿಟ್ಟಿದ್ದು. ಸಾಕ್ಷಿ ಎಲ್ಲಿಂದ ತರಲಿ ನಾನು?"

ಸಾಕ್ಷಿ ಎಂಬ ಮಾತು ಬಾಯಿಗೆ ಬಂತೆಂದರೆ ಒಳಗೇನೋ ಇದೆ ಎಂದುಕೊಳ್ಳುತ್ತಲೇ ಸೂಜಿ ಬೀದಿಗಿಳಿದಳು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಕಾಲು ನೆಲಕ್ಕೆ ಅಂಟಿತು. ನಾದಿನಿಯ ಮನೆಯಿಂದ ಮೂರನೆಯದೇ ಪುಸ್ತಕಕ್ಕೆ ರಟ್ಟು ಕಟ್ಟುವವಳ ಅಂಗಡಿ. ಅದರ ಕಿಟಕಿಯಲ್ಲಿ, ಕಾಗದದ ಕಟ್ಟುಗಳ ಮೇಲೆ, ಗುಂಡಗೆ, ದಟ್ಟಗೆ, ಕಾಲೇ ಕಾಣದಂತೆ ಕುಳಿತಿತ್ತು ಒಂದು ಉಂಡೆ.

ಅವಳು ಒಳಗೆ ಹೋಗಿ, ತಾನು ದರ್ಜಿ, ನಾಯಿಗಳ ಜೋಳಿಗೆ ಹೊಲಿಯುವ ವಿಚಾರವಿದೆ, ಮಾದರಿಗೆ ಒಂದು ಅಳತೆ ಬೇಕಿತ್ತು ಎಂದು ಬಾಯಿಗೆ ಬಂದದ್ದನ್ನು ಹೇಳಿದಳು. ರಟ್ಟಿನವಳು ಗೋಂದಿನ ಕೈಯನ್ನು ಒರೆಸಿಕೊಳ್ಳುತ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮ ಜೋಳಿಗೆಗೆ ನನ್ನ ನಾಯಿಯ ಅಳತೆ ಯಾಕೆ? ಇದೇ ಬೀದೀಲಿ ಇದೇ ತಿಂಗಳು ಒಂದು ಸೈಕಲ್ಲು, ಎರಡು ಹೂಕುಂಡ ಕಾಣೆಯಾಗಿದೆ. ಹಾಗಾಗಿ ಕೇಳಿದೆ."

ಅನುಮಾನಿಸುವವಳಿಗೆ ಅನುಮಾನಿಸಿಕೊಳ್ಳುವುದು ಹೊಸದು. ಸೂಜಿ ತೊದಲಿದಳು. ಆದರೂ ಎದೆಸುತ್ತು ಒಂದನ್ನು ತೆಗೆಯುವಷ್ಟು ಅವಕಾಶ ಸಿಕ್ಕಿತು, ಅಷ್ಟರಲ್ಲಿ ನಾಯಿ ಗುರ್ರೆಂದಿತು. ಟೇಪು ತೋರಿಸಿದ್ದು ಹದಿಮೂರು. ಅತ್ತ ಇತ್ತ ಒಂದು ಗೆರೆಯೂ ಇಲ್ಲ. ವಯಸ್ಸೆಷ್ಟು ಎಂದು ಕೇಳಿದರೆ ರಟ್ಟಿನವಳು ಒಂಬತ್ತು ವರ್ಷ, ಮನೆಯಲ್ಲಿ ಇದನ್ನು ಮುದುಕ ಎಂದೇ ಕರೆಯುವುದು ಎಂದಳು. ಒಂಬತ್ತು ವರ್ಷದ ಮುದುಕನಿಗೂ ಮೂರು ತಿಂಗಳ ಮರಿಗೂ ಒಂದೇ ಎದೆಯೇ? ಸುಳ್ಳು ಹೇಳುವುದಿದ್ದರೆ ಸ್ವಲ್ಪ ಹೊಂದುವಂಥದ್ದನ್ನಾದರೂ ಹೇಳಬಾರದೇ ಎಂದು ಸೂಜಿಗೆ ಅನಿಸಿತು.

ಭಾನುವಾರ ಬೆಳಿಗ್ಗೆ ಅವಳು ಆ ಕಡ್ಡಿ ಮರಿಯನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಗೇ ಹೊರಟಳು. ಕಿಟಕಿಯ ನಾಯಿಯ ಎದುರು ನಿಂತು ಉಂಡೆ ಎಂದು ಕೂಗುತ್ತೇನೆ, ಕಿವಿ ಕೊಟ್ಟರೆ ಎತ್ತಿಕೊಂಡು ಬರುತ್ತೇನೆ, ಆಮೇಲೆ ಬಂದದ್ದು ಬರಲಿ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಮಾಡಿ ಗೆದ್ದುಕೊಂಡಿದ್ದಳು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಕೂಗಿದರೆ ಹಿತ್ತಲಿಂದ, "ಹಿಂದೆ ಬನ್ನಿ, ಕೈ ಬಿಡುವಿಲ್ಲ" ಎಂದು ಉತ್ತರ ಬಂತು.

ಹಿತ್ತಲಲ್ಲಿ ರಟ್ಟಿನವಳು ತಗಡಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಿಟಕಿಯ ನಾಯಿ ನೊರೆಯಲ್ಲಿ ಮುಳುಗಿ ತಲೆಯೊಂದೇ ಮೇಲಿತ್ತು. ಅವಳು ಎರಡು ಚೊಂಬು ನೀರು ಸುರಿದು ಅದನ್ನು ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿದಳು.

ಕಲ್ಲಿನ ಮೇಲೆ ಇನ್ನೊಂದು ಕಡ್ಡಿ ನಿಂತಿತ್ತು. ಅದೇ ಸಣಕಲು ಕಾಲು, ಅದೇ ಚೂಪು ಮೂತಿ, ಮೈಗೆ ಅಂಟಿಕೊಂಡ ಅಷ್ಟಿಷ್ಟು ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಕುಳಲ್ಲಿದ್ದದ್ದು ಅದನ್ನು ನೋಡಿತು, ಅದು ಇದನ್ನು ನೋಡಿತು. ಅಣ್ಣತಮ್ಮಂದಿರು ಎಂದರೆ ಯಾರೂ ಎರಡನೆಯ ಮಾತಾಡುವಂತಿರಲಿಲ್ಲ.

"ಉಳಿದದ್ದೆಲ್ಲಿ ಹೋಯ್ತು ಇದರದ್ದು?" ಎಂದಳು ಸೂಜಿ.

"ಉಳಿದದ್ದು ಅಂತ ಏನಿತ್ತು? ಎಲ್ಲ ಗಾಳಿನೇ. ಇಷ್ಟೇ ಇವನು. ಸಾಯಂಕಾಲ ಒಣಗಿ ಮತ್ತೆ ಮಹಾರಾಜ ಆಗ್ತಾನೆ."

ಸೂಜಿ ಕೇಳದೆಯೇ ಕೊರಳಿನ ಟೇಪು ತೆಗೆದು ಒದ್ದೆ ಎದೆಗೆ ಸುತ್ತಿದಳು. ಹನ್ನೊಂದೂ ಮುಕ್ಕಾಲು. ಒಂದೂ ಕಾಲು ಇಂಚು ತೊಟ್ಟಿಯ ನೀರಿನಲ್ಲಿ ಕರಗಿಹೋಗಿತ್ತು. ಸಾವಿರಾರು ಗಿರಾಕಿಗಳ ಕೋಟು ಸ್ವೆಟರುಗಳ ದಪ್ಪವನ್ನು ಕಣ್ಣಳತೆಯಲ್ಲೇ ಕಳೆದವಳು ಒಂದು ನಾಯಿ ಕೋಟು ತೊಟ್ಟೇ ತನ್ನ ಮೇಜಿನ ಮೇಲೆ ಬಂದು ನಿಂತದ್ದನ್ನು ಕಂಡಿರಲಿಲ್ಲ. ಹದಿಮೂರರಲ್ಲಿ ಮರಿಯೆಷ್ಟು, ಗಾಳಿಯೆಷ್ಟು? ಆ ಗಾಳಿಯ ಅಳತೆಯನ್ನು ಹಿಡಿದುಕೊಂಡು ಅವಳು ಒಬ್ಬಳನ್ನು ಕಳ್ಳಿ ಎಂದು ಕರೆದುಬಂದಿದ್ದಳು.

ಅಲ್ಲಿಂದ ಮೂರೇ ಮನೆಯಾಚೆಯ ನಾದಿನಿಯ ಬಾಗಿಲಿಗೆ ಹೋಗಲು ಅವಳಿಗೆ ಹತ್ತು ದಿನ ಹಿಡಿಯಿತು. ಹೋದವಳು ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದು, ಅದು ಬಾರದೆ, ಉಂಡೆಯ ಅಳತೆ ತೆಗೆಯಬೇಕು, ಅದು ಒಂದು ಕಡೆ ನಿಲ್ಲುವುದಿಲ್ಲ, ಹಿಡಿದುಕೊಳ್ಳುವುದಕ್ಕೆ ಒಬ್ಬರು ಬೇಕು ಎಂದಳು. ನಾದಿನಿ ಬಾಗಿಲಿಗೆ ಅಡ್ಡ ನಿಂತಳು.

"ಅದೇ ನಾಯಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ. ನನ್ನ ಟೇಪು ನನಗೇ ಸುಳ್ಳು ಹೇಳಿತ್ತು."

"ಹಾಗಾದ್ರೆ ಇನ್ನೊಂದ್ಸಲ ಅನುಮಾನ ಬಂದಾಗ ಮೊದಲು ಸ್ನಾನ ಮಾಡಿಸಿ. ನಾಯೀಗಾಗ್ಲಿ, ನಿಮಗಾಗ್ಲಿ." ನಾದಿನಿ ನಗಲಿಲ್ಲ. ಆದರೆ ಚಪ್ಪಲಿ ಮೆಟ್ಟಿಕೊಂಡಳು.

ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ನಾದಿನಿ ಬಂದು ಉಂಡೆಯ ಮುಂಗಾಲು ಹಿಡಿದು ನಿಲ್ಲಿಸುವಳು, ಸೂಜಿ ಎರಡು ಬೆರಳಿನಿಂದ ಕೂದಲು ಬಿಡಿಸಿ ಚರ್ಮದ ಮೇಲೆ ಟೇಪು ಕೂರಿಸುವಳು. ಮೊದಮೊದಲು ಇಬ್ಬರ ನಡುವೆ ಅಂಕಿಗಳಷ್ಟೇ ಓಡಾಡುತ್ತಿದ್ದವು. ಆಮೇಲೆ ಹಲ್ಲಿನ ಡಾಕ್ಟರ ಗಿರಾಕಿಗಳ ಕಥೆ ಬಂತು. ಆಮೇಲೆ, ಕುರ್ಚಿಯಲ್ಲಿ ಬಾಯಿ ತೆರೆದಾಗ ಎಲ್ಲರೂ ಸತ್ಯವಂತರೇ ಎಂಬಂಥ ನಾದಿನಿಯ ತಮಾಷೆಗಳೂ ಬಂದವು. ಇತ್ತ ಹೊಸ ಕೂದಲು ದಟ್ಟವಾಗಿ ಬೆಳೆದು, ಕೊರಳ ಸುತ್ತ ಹರಡಿ, ಕಡ್ಡಿ ಮತ್ತೆ ಉಂಡೆಯಾಯಿತು. ಎಂಟೂವರೆ ತಿಂಗಳಿಗೆ ಬೆನ್ನು ಹತ್ತಕ್ಕೆ ಬಂದು ನಿಂತಿತು. ಒಂಬತ್ತಕ್ಕೆ ಮತ್ತೆ ಅಳೆದರೆ ಬೆನ್ನು ಅದೇ, ಕಾಲು ಅದೇ. ತೂಕ ಎರಡು ಕಿಲೋ ಆರುನೂರು.

"ಮೂರರೊಳಗಿದೆ" ಎಂದಳು ಸೂಜಿ. ನಾದಿನಿ ಯಂತ್ರದ ಮುಳ್ಳನ್ನು ತಾನೂ ಬಗ್ಗಿ ನೋಡಿ ಒಪ್ಪಿದಳು.

ನೀಲಿ ಕ್ಯಾನ್ವಾಸಿಗೆ ಕತ್ತರಿ ಬಿತ್ತು. ಒಳಗೆ ಮೆತ್ತನೆಯ ಅಸ್ತರು, ಮುಂಗಾಲು ಹೊರಬರಲು ಎರಡು ಕಂಡಿ, ತಳಕ್ಕೆ ರಟ್ಟಿನವಳು ತಾನಾಗಿಯೇ ಕೊಟ್ಟ ಗಟ್ಟಿ ರಟ್ಟು. ಕಂಬಿಗೆ ಸಿಕ್ಕಿಸುವ ನಾಲ್ಕು ಕೊಂಡಿಗಳಲ್ಲಿ ಎರಡನ್ನು ಹೊಲಿದು, ಉಳಿದೆರಡನ್ನು ದೊಡ್ಡಮ್ಮನ ವಾಕರಿನ ಎತ್ತರ ನೋಡಿಯೇ ಹಾಕಬೇಕೆಂದು ಸೂಜಿದಾರದ ಸಮೇತ ಇಟ್ಟುಕೊಂಡಳು.

ದೊಡ್ಡಮ್ಮ ಮನೆಗೆ ಬಂದ ದಿನ ಮೂವರೂ ಹೋದರು, ಸೂಜಿ, ನಾದಿನಿ, ಉಂಡೆ. ದೊಡ್ಡಮ್ಮ ಮುಂದಿನ ಕೋಣೆಯ ಕುರ್ಚಿಯಲ್ಲಿ ಕುಳಿತು ಎರಡೂ ಕೈ ಚಾಚಿದಳು. ಸೂಜಿ ನಾಯಿಯನ್ನು ಅವಳ ಮಡಿಲಿಗಿಟ್ಟಳು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡಳು. ಕಿವಿ ಮುಟ್ಟಿದಳು, ಇಟ್ಟಿಗೆ ಬಣ್ಣದ ಕೂದಲನ್ನು ಹಿಂದಕ್ಕೂ ಮುಂದಕ್ಕೂ ಸವರಿದಳು. ತುಟಿ ಬಿಗಿಯಿತು. ಸೂಜಿಯ ಮುಖವನ್ನು ನೋಡಿದಳು.

"ಇದು ಅದೇನಾ?"

ಸೂಜಿಯ ಬಳಿ ಉತ್ತರವಿತ್ತು, ಪುರಾವೆ ಇರಲಿಲ್ಲ. ಅಳತೆಯ ಪುಸ್ತಕ ತೆಗೆದರೆ ಹದಿಮೂರು ಇಂಚು ಎದ್ದು ಅವಳ ವಿರುದ್ಧವೇ ಮಾತಾಡೀತು. ಫೋಟೋ ಕಳಿಸದೆ ತಿಂಗಳುಗಟ್ಟಲೆ ಜಾರಿಕೊಂಡವಳೂ ಅವಳೇ. ಸಾಕ್ಷಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ಈ ಬದಿಯಲ್ಲಿ ನಿಂತರೆ ಎಷ್ಟು ಭಾರವೆಂದು ಗೊತ್ತಾಗಿ ಅವಳ ಕಿವಿ ಬಿಸಿಯಾಯಿತು.

"ಅದೇ ದೊಡ್ಡಮ್ಮ" ಎಂದಷ್ಟೇ ಹೇಳಿದಳು.

ಆಗ ಬಾಗಿಲ ಬಳಿ ನಿಂತಿದ್ದ ನಾದಿನಿ ಮುಂದೆ ಬಂದು ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿದಳು. "ಅದೇ ಅಮ್ಮ. ಅದರ ಕೂದಲು ಉದುರುವಾಗ ಗುಡಿಸಿದವಳು ನಾನು, ಹಲ್ಲು ಬೀಳುವಾಗ ಕಚ್ಚಿಸಿಕೊಂಡವಳೂ ನಾನೇ. ಅತ್ತಿಗೆ ಕೊಟ್ಟ ಮಾತು ಅತ್ತಿಗೆ ಉಳಿಸಿಕೊಂಡಿದ್ದಾರೆ. ನಾನು ಹೇಳ್ತಿದೀನಿ, ನಂಬಿ."

ಸೂಜಿ ತಲೆ ತಗ್ಗಿಸಿ ದಾರ ಪೋಣಿಸತೊಡಗಿದಳು. ಕೈಯಲ್ಲಿದ್ದ ಸೂಜಿಯ ಕಣ್ಣಿಗೆ ದಾರ ಮೂರು ಸಲ ತಪ್ಪಿತು. ನಾದಿನಿ ಅವಳ ಕೈಯಿಂದ ಅದನ್ನು ತೆಗೆದುಕೊಂಡು ಪೋಣಿಸಿ ಮತ್ತೆ ಕೊಟ್ಟಳು.

ದೊಡ್ಡಮ್ಮ ಮಡಿಲಲ್ಲಿದ್ದದ್ದನ್ನು ಇನ್ನೊಮ್ಮೆ ನೋಡಿದಳು. ಅದು ಅವಳ ಮೊಣಕೈ ಸಂದಿಗೆ ಮೂಗು ತೂರಿಸಿ ಕಣ್ಣು ಮುಚ್ಚಿತ್ತು. "ಇಷ್ಟು ದೊಡ್ಡದಾಗಿದೆಯಲ್ಲ" ಎಂದಳು, ಸ್ವಲ್ಪ ಮುನಿಸಿನಿಂದ, ತನ್ನನ್ನು ಕೇಳದೆ ಬೆಳೆದುಬಿಟ್ಟಿತಲ್ಲ ಎಂಬಂತೆ.

ವಾಕರನ್ನು ಎದುರಿಗೆ ತಂದರು. ಸೂಜಿ ಮಂಡಿಯೂರಿ ಕಂಬಿಯ ಎತ್ತರ ನೋಡಿ ಮೂರನೆಯ ಕೊಂಡಿ ಹೊಲಿದಳು, ನಾಲ್ಕನೆಯದನ್ನು ಹೊಲಿದು ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ನಾದಿನಿ ಉಂಡೆಯನ್ನು ಎತ್ತಿ ಜೋಳಿಗೆಗಿಳಿಸಿದಳು. ಎರಡು ಮುಂಗಾಲೂ ಕಂಡಿಯಿಂದ ಹೊರಬಂದವು, ಎಲ್ಲಿಯೂ ಸಡಿಲವಿಲ್ಲ, ಎಲ್ಲಿಯೂ ಬಿಗಿಯಿಲ್ಲ. ದೊಡ್ಡಮ್ಮ ಕಂಬಿ ಹಿಡಿದು ಎದ್ದು ನಿಂತಳು. ವಾಕರ್ ಮುಗ್ಗರಿಸಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಕಿಟಕಿಯವರೆಗೆ ಆರು ಹೆಜ್ಜೆ ನಡೆದಳು. ನಾಲ್ಕೂ ಕೊಂಡಿ ಹಿಡಿದುಕೊಂಡಿದ್ದವು.